ಗೋಡೆಗೊಂದೇ ಕಿವಿ

ಅವನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದ ಬಂದದ್ದಲ್ಲ ಅದು. ಅಣ್ಣ ತಮ್ಮ ಇಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಒಂದು ರಜೆಯ ಮಧ್ಯಾಹ್ನ, ಟಿ.ವಿ. ಮುಂದೆ ಕೂತು ವಿಡಿಯೊ ಗೇಮ್ ಆಡುವಾಗ ಅಣ್ಣ ಬೀಸಿ ಕೊಟ್ಟ ಏಟಿನಿಂದ ಬಂದದ್ದು. ತಮ್ಮ ಗೆಲ್ಲುತ್ತಿದ್ದ, ಅಷ್ಟೇ ಕಾರಣ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ಒದ್ದೆಯಾದಾಗ ಅಮ್ಮ ಅಡುಗೆಮನೆಯಿಂದ ಓಡಿಬಂದಳು. ಆಸ್ಪತ್ರೆಯ ದಾರಿಯಲ್ಲಿ ಚಿಕ್ಕವನ ಕೈ ಗಟ್ಟಿಯಾಗಿ ಹಿಡಿದು ಹೇಳಿಕೊಟ್ಟಳು: "ಮೆಟ್ಟಿಲಿಂದ ಬಿದ್ದೆ ಅಂತ ಹೇಳು. ಅಣ್ಣನ ಹೆಸರು ಎತ್ತಿದ್ರೆ ಪೊಲೀಸರು ಅವನನ್ನ ಎಳ್ಕೊಂಡು ಹೋಗ್ತಾರೆ."

ಡಾಕ್ಟರು ಕೇಳಿದರು. ಚಿಕ್ಕವನು ಮೆಟ್ಟಿಲಿನಿಂದ ಬಿದ್ದೆ ಎಂದ. ಎಲ್ಲಿಯ ಮೆಟ್ಟಿಲು ಎಂದು ಡಾಕ್ಟರು ಮತ್ತೆ ಕೇಳಿದಾಗ ಅಮ್ಮನೇ ಉತ್ತರ ಕೊಟ್ಟಳು.

ಲಿಫ್ಟ್ ರಿಪೇರಿ ಮಾಡುತ್ತಿದ್ದ ಅಪ್ಪ ಅದಾದ ಸ್ವಲ್ಪ ಕಾಲಕ್ಕೆ ತೀರಿಕೊಂಡ. ದೊಡ್ಡವನನ್ನು ಕಾಲೇಜಿಗೆ ಕಳಿಸಿದರು. ಚಿಕ್ಕವನಿಗೆ ಪಾಠ ಸರಿಯಾಗಿ ಕೇಳಿಸುವುದಿಲ್ಲವೆಂದು ಶಾಲೆ ಬಿಡಿಸಿದರು. "ಕಿವಿ ಕೇಳದವನಿಗೆ ಓದಿಸೋದು ಅಂದ್ರೆ ಹೊಳೇಲಿ ಹುಣಸೆಹಣ್ಣು ಕಿವಿಚಿದ ಹಾಗೆ" ಎಂದು ಅಮ್ಮ ಬಂದವರೆದುರು ಹೇಳುತ್ತಿದ್ದಳು. ಹೇಳುವಾಗ ಅವನ ಬಲಗಡೆಯೇ ನಿಂತಿರುತ್ತಿದ್ದಳು.

ಅವನು ಒಂದು ಡ್ರೈ ಕ್ಲೀನಿಂಗ್ ಅಂಗಡಿ ಸೇರಿದ. ಹಿಂಭಾಗದಲ್ಲಿ ಕಿಟಕಿಯಿಲ್ಲದ ಕೋಣೆ. ಒಗೆಯುವ ಯಂತ್ರಗಳ ಸದ್ದು, ಉಗಿ, ಮೇಲೆ ಸರಳುಗಳಿಗೆ ತೂಗುಹಾಕಿದ ಕೋಟುಗಳ ಸಾಲು. ಕೋಟಿನ ಭುಜ ಕೂರಿಸುವುದರಲ್ಲಿ ಅವನ ಕೈ ಪಳಗಿತು. ಆ ಸದ್ದಿನಲ್ಲಿ ಎರಡು ಕಿವಿ ಇದ್ದವರಿಗೂ ಏನೂ ಕೇಳಿಸುತ್ತಿರಲಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ತಾನು ಯಾರಿಗೂ ಕಡಿಮೆಯಿಲ್ಲ ಎಂದು ಅವನಿಗೆ ಅನ್ನಿಸುತ್ತಿದ್ದ ಜಾಗ ಅದೊಂದೇ.

ದೊಡ್ಡವನು ಪಾರ್ಸೆಲ್ ಕಂಪನಿಯ ಆಫೀಸಿನಲ್ಲಿ ಗುಮಾಸ್ತನಾದ. ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು. ಆಫೀಸಿನಲ್ಲಿ ಅವನನ್ನು ಕೇಳುವವರು ಯಾರೂ ಇರಲಿಲ್ಲ. ತನಗಿಂತ ಚಿಕ್ಕ ವಯಸ್ಸಿನ ಮ್ಯಾನೇಜರ್ ಎಲ್ಲರ ಮುಂದೆ ಬೈಯುತ್ತಿದ್ದ, ಇವನು ತಲೆ ಬಗ್ಗಿಸಿ "ಆಯ್ತು ಸರ್" ಎನ್ನುತ್ತಿದ್ದ. ಮನೆಗೆ ಬಂದು ಹಾಲ್‌ನಲ್ಲಿ ಟಿ.ವಿ.ಗೆ ಜೋಡಿಸಿದ ಗೇಮ್ ಕನ್ಸೋಲ್ ಹಚ್ಚಿದರೆ ಮಾತ್ರ ಅವನು ಬೇರೆಯ ಮನುಷ್ಯ. ಬಂದೂಕು ಹಿಡಿದು ತಂಡ ತಂಡವಾಗಿ ಕಾದಾಡುವ ಆಟ ಅದು. ಅಲ್ಲಿ ಅವನ ಹೆಸರು ಕ್ಯಾಪ್ಟನ್. ಕಂಪ್ಯೂಟರಿನಲ್ಲಿ ಆಡುವ ಒಬ್ಬ ಕ್ಯಾಷಿಯರ್, ನಿಲ್ಲಿಸಿದ ಗಾಡಿಯಲ್ಲಿ ಕೂತು ಫೋನಿನಲ್ಲಿ ಆಡುವ ಒಬ್ಬ ವ್ಯಾನಿನವನು, ಇಬ್ಬರೂ ಅವನ ಮಾತಿಗೆ ಕಾಯುತ್ತಿದ್ದರು. ನಾಲ್ಕನೆಯವನು ಬೇಕಿತ್ತು. ಒಳಕೋಣೆಯಲ್ಲಿ ಫೋನ್ ಹಿಡಿದು ಕೂರುತ್ತಿದ್ದ ತಮ್ಮನನ್ನು ಸೇರಿಸಿಕೊಂಡ.

ಚಿಕ್ಕವನ ಗುರಿ ಉಳಿದ ಮೂವರಿಗಿಂತಲೂ ಚೆನ್ನಾಗಿತ್ತು. ಆದರೆ ಆ ಆಟದಲ್ಲಿ ಕಣ್ಣಿಗಿಂತ ಮೊದಲು ಕಿವಿ ಬೇಕು. ಶತ್ರು ಕಾಣಿಸುವ ಮೊದಲು ಅವನ ಹೆಜ್ಜೆ ಕೇಳಿಸುತ್ತದೆ. ಎಡದಲ್ಲೋ ಬಲದಲ್ಲೋ ಎಂದು ಎರಡೂ ಕಿವಿ ಸೇರಿ ಹೇಳಬೇಕು. ಚಿಕ್ಕವನ ಎಡಗಡೆಯಿಂದ ಯಾರಾದರೂ ಬಂದರೆ ಅವನಿಗೆ ಗೊತ್ತಾಗುತ್ತಿದ್ದುದು ಸತ್ತ ಮೇಲೆ.

"ಗೋಡೆಗೂ ಕಿವಿ ಇರುತ್ತೆ ಅಂತಾರೆ," ದೊಡ್ಡವನು ಮೈಕಿನಲ್ಲಿ ಹೇಳಿದ. "ನಮ್ಮ ಗೋಡೆಗೆ ಒಂದೇ."

ಕ್ಯಾಷಿಯರ್ ಕೆಮ್ಮು ಬರುವಷ್ಟು ನಕ್ಕ. ಅವತ್ತಿನಿಂದ ಚಿಕ್ಕವನ ಹೆಸರು ಗೋಡೆ. "ಏನಾಗಿತ್ತು ಕಿವಿಗೆ?" ಎಂದು ವ್ಯಾನಿನವನು ಕೇಳಿದರೆ ದೊಡ್ಡವನು ಒಂದಿಷ್ಟೂ ತಡವರಿಸದೆ "ಚಿಕ್ಕವನಿದ್ದಾಗ ಮೆಟ್ಟಿಲಿಂದ ಉರುಳಿದ, ಮಂಗನ ಥರ ಕುಣೀತಿದ್ದ" ಎಂದ. ಅದನ್ನು ಹೇಳಿದ ರೀತಿ ನೋಡಿದರೆ ಅವನೇ ಅದನ್ನು ನಂಬಿಬಿಟ್ಟಿದ್ದಾನೆ ಎಂದು ಚಿಕ್ಕವನಿಗೆ ಅನ್ನಿಸಿತು.

ಆಮೇಲೆ ಅವರಿಗೆ ಇವನ ಕಿವುಡಿನಿಂದ ಒಂದು ಉಪಯೋಗವೂ ಕಂಡಿತು. ಬಾಗಿಲು ತೆರೆಯಬೇಕಾದಾಗಲೆಲ್ಲ "ಗೋಡೆಯನ್ನ ಮುಂದೆ ಬಿಡ್ರಪ್ಪ" ಎನ್ನುತ್ತಿದ್ದರು. ಅವನು ಹೋಗುತ್ತಿದ್ದ. ಗುಂಡು ಬೀಳುತ್ತಿತ್ತು. ಅದು ಎಲ್ಲಿಂದ ಬಂತು ಎಂದು ನೋಡಿಕೊಂಡು ಉಳಿದ ಮೂವರು ಆಟ ಗೆಲ್ಲುತ್ತಿದ್ದರು.

ಇಷ್ಟಾದರೂ ಅವನಿಗೆ ಆಟ ಬೇಕಿತ್ತು. ಒಂದು ಒಳ್ಳೆಯ ಹೆಡ್‌ಸೆಟ್ ಕೊಂಡರೆ ಬಲಗಿವಿಗಾದರೂ ಚೆನ್ನಾಗಿ ಕೇಳಿಸೀತು ಎಂದುಕೊಂಡು ವಾರದ ರಜೆಯ ದಿನ ಅಂಗಡಿಗೆ ಹೋದ. ಅಂಗಡಿಯಲ್ಲಿ ಮೇಜಿನ ಹಿಂದೆ ಕೂದಲು ಗಿಡ್ಡ ಕತ್ತರಿಸಿಕೊಂಡ ಹುಡುಗಿಯೊಬ್ಬಳಿದ್ದಳು.

"ಯಾವುದಕ್ಕೆ ಬೇಕು? ಫೋನಿಗಾ, ಕಂಪ್ಯೂಟರಿಗಾ, ಕನ್ಸೋಲಿಗಾ?"

"ಎಲ್ಲದಕ್ಕೂ. ಅಂಗಡೀಲಿ ಊಟದ ಹೊತ್ತಲ್ಲಿ ಫೋನು. ಅಲ್ಲೇ ಬಿಲ್ ಮಾಡೋ ಹಳೇ ಕಂಪ್ಯೂಟರಿದೆ, ಮಾಲೀಕರು ಇಲ್ಲದಾಗ ಅದು. ಮನೇಲಿ ಅಣ್ಣ ಎದ್ದಾಗ ಕನ್ಸೋಲು."

ಅವಳು ಮೊದಲು ವೈರಿಲ್ಲದ್ದೊಂದನ್ನು ತೆಗೆದು, ಬೇಡವೆಂದು ಒಳಗಿಟ್ಟಳು. ಅದರ ಜೊತೆ ಬರುವ ಪುಟ್ಟ ರಿಸೀವರ್ ಒಂದು ಕಂಪನಿಯ ಕನ್ಸೋಲಿಗೆ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಬ್ಲೂಟೂತಿನದು ಫೋನಿಗೆ ಸರಿ, ಆದರೆ ಸದ್ದು ಒಂದು ಗಳಿಗೆ ತಡವಾಗಿ ಬರುತ್ತದೆ, ಎಷ್ಟೋ ಕನ್ಸೋಲುಗಳು ಅದನ್ನು ಸೇರಿಸಿಕೊಳ್ಳುವುದೇ ಇಲ್ಲ. "ಎಲ್ಲಾ ಕಡೆ ನಡೀಬೇಕು ಅಂದ್ರೆ ಹಳೇ ಕಾಲದ ವೈರು, ದುಂಡು ಪಿನ್ನು. ಕನ್ಸೋಲಿನ ರಿಮೋಟಿಗೂ ಚುಚ್ಚಬಹುದು, ಕಂಪ್ಯೂಟರಿಗೂ ಚುಚ್ಚಬಹುದು. ಫೋನಿಗೆ ಸಣ್ಣದೊಂದು ಜೋಡಣೆ ಹಾಕಿದ್ರೆ ಆಯ್ತು" ಎಂದು ಒಂದನ್ನು ಅವನ ತಲೆಗೆ ಹಾಕಿ ಹಾಡು ಹಚ್ಚಿದಳು. "ಎರಡೂ ಕಡೆ ಸಮ ಇದೆಯಾ?"

"ಸಮ ಇದೆ" ಎಂದ.

ಅವಳು ಅವನ ಮುಖ ನೋಡಿದಳು. ಎಡಗಡೆಯದು ಮಾತ್ರ ಬರುವ ಹಾಗೆ ಮಾಡಿ ಮತ್ತೆ ಕೇಳಿದಳು. "ಈಗ?"

"ಈಗಲೂ ಚೆನ್ನಾಗಿದೆ."

"ನಾನು ಬಲಗಡೇದು ಬಂದ್ ಮಾಡಿದೀನಿ. ನಿಮಗೆ ಏನೂ ಕೇಳಿಸ್ತಿಲ್ಲ ಅಲ್ವಾ?"

ಅವನ ಮುಖ ಬಿಸಿಯಾಯಿತು. ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಹೊರಡಲು ತಿರುಗಿದ. ಅವಳು ನಗಲಿಲ್ಲ, ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ಕೆಳಗಿನ ಕಪಾಟಿನಿಂದ ಅದೇ ದುಂಡು ಪಿನ್ನಿನ ದಪ್ಪನೆಯದೊಂದು ತೆಗೆದಳು. "ಇದನ್ನ ಜಾಸ್ತಿ ಜನ ತಗೊಳಲ್ಲ, ತಲೆ ಗುಂಯ್ ಅನ್ನುತ್ತೆ ಅಂತಾರೆ. ಸದ್ದಿಗೆ ತಕ್ಕ ಹಾಗೆ ಕಿವಿಯ ದಿಂಬು ನಡುಗುತ್ತೆ. ಎಡಗಡೆ ಸದ್ದಾದ್ರೆ ಎಡದ್ದು, ಬಲಗಡೆ ಆದ್ರೆ ಬಲದ್ದು. ಹಾಕ್ಕೊಂಡು ನೋಡಿ."

ಪರದೆಯ ಮೇಲೆ ಆಟವೊಂದನ್ನು ಹಚ್ಚಿದಳು. ಯಾರೋ ಓಡಿಬಂದರು. ಅವನ ಎಡ ಕೆನ್ನೆಯ ಮೇಲೆ, ಕಿವಿಯ ಹಿಂದಿನ ಮೂಳೆಯ ಮೇಲೆ, ದಡ್ ದಡ್ ಎಂದು ಹೆಜ್ಜೆ ಬಿತ್ತು. ಕೇಳಿಸಲಿಲ್ಲ, ಬಿತ್ತು. ಅವನು ಎಡಕ್ಕೆ ತಿರುಗಿದ. ಅಲ್ಲಿ ಒಬ್ಬ ನಿಂತಿದ್ದ. ಹೊಡೆದ.

"ಇದೇ ಕೊಡಿ" ಎಂದು ದುಡ್ಡು ತೆಗೆದ.

ಕೆಲವು ವಾರಗಳಲ್ಲಿ ಆಟ ಬದಲಾಯಿತು. ಗೋಡೆಯನ್ನು ಮುಂದೆ ಬಿಟ್ಟರೆ ಗೋಡೆ ಸಾಯುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ವ್ಯಾನಿನವನು ಬಾಯಿತಪ್ಪಿ, "ಕ್ಯಾಪ್ಟನ್, ನೀವು ಹಿಂದೆ ಇರಿ, ನಿಮ್ಮ ತಮ್ಮ ಮುಂದೆ ಹೋಗ್ಲಿ, ಅವರಿದ್ರೆ ಧೈರ್ಯ" ಎಂದ. ಹಾಲ್‌ನಲ್ಲಿ ದೊಡ್ಡವನು ರಿಮೋಟನ್ನು ಕೆಳಗಿಟ್ಟು ನೀರು ಕುಡಿಯಲು ಎದ್ದು ಹೋದ.

ಅಷ್ಟರಲ್ಲಿ ಒಂದು ಗೇಮಿಂಗ್ ಅಂಗಡಿಯವರು ಪಂದ್ಯ ಇಟ್ಟರು, ಒಬ್ಬೊಬ್ಬರೇ ಆಡುವಂಥದ್ದು. ದೊಡ್ಡವನು ಹೆಸರು ಕೊಟ್ಟ. ಪಂದ್ಯವೆಲ್ಲ ಕಂಪ್ಯೂಟರಿನಲ್ಲಿ, ಅವನ ಹೆಡ್‌ಸೆಟ್ ಕನ್ಸೋಲಿಗಷ್ಟೇ ಹೊಂದುವಂಥದ್ದು. ಅವನು ತಮ್ಮನನ್ನು ಕೇಳಲಿಲ್ಲ. ಅಮ್ಮನಿಂದ ಕೇಳಿಸಿದ.

"ಅಣ್ಣನಿಗೆ ನಿನ್ನದು ಕೊಡು," ಊಟಕ್ಕೆ ಬಡಿಸುತ್ತ ಅಮ್ಮ ಹೇಳಿದಳು.

"ಕೊಡಲ್ಲಮ್ಮ. ಅದಿಲ್ದೆ ನಂಗೆ ಆಡೋಕಾಗಲ್ಲ."

"ನಿನ್ನ ಒಂದು ಕಿವಿಗೆ ಎರಡು ಕಿವಿದು ಯಾಕೆ?"

ಅವಳು ಹಾಸ್ಯಕ್ಕೆ ಹೇಳಿದ್ದಲ್ಲ. ಮನೆಯಲ್ಲಿ ಒಬ್ಬರಿಗೆ ಹೆಚ್ಚಿರುವುದನ್ನು ಕಡಿಮೆ ಇರುವವರಿಗೆ ಹಾಕುವ ಹಾಗೆ, ಲೆಕ್ಕ ಸರಿ ಮಾಡುವವಳಂತೆ ಹೇಳಿದಳು. ಅತ್ತಿಗೆ ತಲೆಯೆತ್ತಲಿಲ್ಲ. ದೊಡ್ಡವನು ಅನ್ನ ಕಲಸುತ್ತಲೇ ಇದ್ದ.

ಪಂದ್ಯದ ದಿನ ಚಿಕ್ಕವನು ಕೆಲಸದಿಂದ ಬಂದಾಗ ಅವನ ಹಾಸಿಗೆಯ ಪಕ್ಕದಲ್ಲಿ ಹೆಡ್‌ಸೆಟ್ ತೂಗುಹಾಕುತ್ತಿದ್ದ ಮೊಳೆ ಖಾಲಿಯಿತ್ತು. ಕೇಳಿದರೆ ಅಮ್ಮ "ನಾನೇ ಕೊಟ್ಟೆ, ಏನೀಗ?" ಎಂದಳು. ದೊಡ್ಡವನು ಕತ್ತಲಾಗುವ ಮೊದಲೇ ಸೋತು ಬಂದ. ಹೆಡ್‌ಸೆಟ್ಟನ್ನು ತಮ್ಮನ ತೊಡೆಯ ಮೇಲೆ ಹಾಕಿ, "ಅದೇನೋ ಗುರ್ ಗುರ್ ಅಂತಿತ್ತು, ತಲೆನೋವು. ಕ್ಯಾಷಿಯರ್ ಕೈಲಿ ಬಿಚ್ಚಿಸಿ ಆ ವೈರು ಕತ್ತರಿಸಿಹಾಕಿಸ್ದೆ. ಈಗ ನೋಡು, ಎಷ್ಟು ಸ್ವಚ್ಛವಾಗಿ ಕೇಳ್ಸುತ್ತೆ" ಎಂದ.

ಚಿಕ್ಕವನು ಹಾಕಿಕೊಂಡು ನೋಡಿದ. ಬಲಗಡೆ ನಿಜಕ್ಕೂ ಸ್ವಚ್ಛವಾಗಿ ಕೇಳಿಸಿತು. ಎಡಗಡೆ ಏನೂ ಇರಲಿಲ್ಲ.

ಅವನು ಜಗಳವಾಡಲಿಲ್ಲ. ಮರುದಿನ ಬಟ್ಟೆ ಕಟ್ಟಿಕೊಂಡು ಡ್ರೈ ಕ್ಲೀನಿಂಗ್ ಅಂಗಡಿಯ ಮೇಲಿನ, ಹ್ಯಾಂಗರು ತುಂಬಿಡುತ್ತಿದ್ದ ಕೋಣೆಗೆ ಹೋದ. ಅಮ್ಮ ಬಾಗಿಲವರೆಗೆ ಬಂದು, "ಮುನಿಸು ಇಳಿದ ಮೇಲೆ ಬಾ" ಎಂದು ಚಿಲಕ ಹಾಕಿಕೊಂಡಳು. ಅವನು ಬಟ್ಟೆಯ ಗಂಟನ್ನು ಆ ಕೋಣೆಯಲ್ಲಿಟ್ಟು ನೇರ ಹೆಡ್‌ಸೆಟ್ಟಿನ ಅಂಗಡಿಗೆ ಹೋಗಿ ಅದೇ ಇನ್ನೊಂದು ಕೊಡಿ ಎಂದ. ಹುಡುಗಿ ಕತ್ತರಿಸಿದ ವೈರನ್ನು ನೋಡಿ, "ಯಾರು ಮಾಡಿದ್ದು?" ಎಂದು ಕೇಳಿದಳು. "ನಮ್ಮ ಮನೆಯವರು" ಎಂದ.

ಆಟದಲ್ಲಿ ಹಳೆಯ ಹೆಸರು ಅಳಿಸಿ ಹೊಸ ಹೆಸರು ಇಟ್ಟುಕೊಂಡ: ಮೆಟ್ಟಿಲು.

ಆ ಆಟದಲ್ಲಿ ಯಾರು ಯಾವ ರೂಮಿನಲ್ಲಿ ಆಡುತ್ತಿದ್ದಾರೆ ಎಂದು ಎಲ್ಲರಿಗೂ ಕಾಣಿಸುತ್ತದೆ. ಎದುರು ಪಕ್ಷದಲ್ಲಿ ಜಾಗವಿದ್ದರೆ ಯಾರು ಬೇಕಾದರೂ ಸೇರಬಹುದು. ಕ್ಯಾಪ್ಟನ್ ಇದ್ದ ರೂಮಿಗೆ ಮೆಟ್ಟಿಲು ಬರತೊಡಗಿತು. ಉಳಿದವರನ್ನು ಅವನು ಮುಟ್ಟುತ್ತಿರಲಿಲ್ಲ. ಕ್ಯಾಷಿಯರ್ ಎದುರಿಗೆ ಸಿಕ್ಕರೂ ಬಿಟ್ಟು ಮುಂದೆ ಹೋಗುತ್ತಿದ್ದ. ಅಣ್ಣನ ಆಟ ಅವನಿಗೆ ಬಾಯಿಪಾಠ. ಯಾವ ಮೂಲೆಯಲ್ಲಿ ಅವಿತುಕೊಳ್ಳುತ್ತಾನೆ, ಹೆದರಿದಾಗ ಯಾವ ಕಡೆ ಓಡುತ್ತಾನೆ, ಎಲ್ಲ. ಪ್ರತಿ ಸಲವೂ ಪರದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಒಂದೇ ಸಾಲು ಬರುತ್ತಿತ್ತು: ಮೆಟ್ಟಿಲಿನಿಂದ ಕ್ಯಾಪ್ಟನ್ ಸತ್ತ.

ಮೊದಲ ಸಲ ಅದನ್ನು ಓದಿದಾಗಲೇ ದೊಡ್ಡವನಿಗೆ ಅದು ಯಾರೆಂದು ಗೊತ್ತಾಯಿತು. ಅವನು ಆಡುವ ಹೊತ್ತು ಬದಲಿಸಿದ. ಮಧ್ಯಾಹ್ನ ಆಫೀಸಿನಿಂದ ಫೋನಿನಲ್ಲಿ ಆಡಿ ನೋಡಿದ. ಚಿಕ್ಕವನು ಹ್ಯಾಂಗರುಗಳ ನಡುವೆ ಕೂತು, ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದೇ, ಫೋನಿಗೆ ವೈರು ಚುಚ್ಚುತ್ತಿದ್ದ. ಸಂಜೆ ದೊಡ್ಡವನು ಕ್ಯಾಷಿಯರನ ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಬೇರೆ ಹೆಸರಿನಿಂದ ಆಡಿದ. ಕ್ಯಾಷಿಯರನ ಹೆಸರು ರೂಮಿನಲ್ಲಿ ಕಾಣುತ್ತಲೇ ಇತ್ತು. ಅವನ ಜೊತೆಗಿದ್ದ ಹೊಸಬ ಹೆದರಿ ಓಡಿದ ರೀತಿಯಿಂದಲೇ ಚಿಕ್ಕವನು ಅಣ್ಣನನ್ನು ಗುರುತಿಸಿದ. ರಜೆಯ ದಿನಗಳಲ್ಲಿ ಗಂಟೆಯ ಲೆಕ್ಕದಲ್ಲಿ ಕನ್ಸೋಲ್ ಕೊಡುವ ಅಂಗಡಿಗೆ ಅದೇ ಹೆಡ್‌ಸೆಟ್ ಹೊತ್ತುಕೊಂಡು ಹೋಗುತ್ತಿದ್ದ. ಎಲ್ಲಿ ಚುಚ್ಚಿದರೂ ಅದು ನಡೆಯುತ್ತಿತ್ತು. ಅಣ್ಣನಿಗೆ ಓಡಿಹೋಗಲು ಒಂದು ಯಂತ್ರವೂ ಉಳಿಯಲಿಲ್ಲ.

ಮೊದಲು ವ್ಯಾನಿನವನು ಬಿಟ್ಟುಹೋದ. "ನಿಮ್ಮ ಜೊತೆ ಇದ್ರೆ ನಾವೂ ಸೋಲ್ತೀವಿ ಕ್ಯಾಪ್ಟನ್" ಎಂದ. ಆಮೇಲೆ ಕ್ಯಾಷಿಯರ್ ಬೇರೆ ತಂಡ ಸೇರಿದ.

ಅಮ್ಮ ಫೋನ್ ಮಾಡಿದಳು. "ದೊಡ್ಡವನು ಸರಿಯಾಗಿ ಊಟ ಮಾಡ್ತಿಲ್ಲ. ಮುಖ ನೋಡೋಕಾಗಲ್ಲ. ನೀನೇನೋ ಮಾಡ್ತಿದ್ದೀಯಂತೆ."

"ಮೆಟ್ಟಿಲಿಂದ ಬಿದ್ದಿರ್ಬೇಕು ನೋಡಮ್ಮ" ಎಂದು ಅವನು ಫೋನ್ ಇಟ್ಟ.

ಅದಾದ ಮೇಲೆ ಅತ್ತಿಗೆ ಅಂಗಡಿಗೆ ಬಂದಳು. ಕೈಯಲ್ಲಿ ಗಂಡನ ಎರಡು ಪ್ಯಾಂಟುಗಳಿದ್ದವು, ಬರೀ ನೆಪಕ್ಕೆ. ಯಂತ್ರದ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ಅವನು ಅವಳನ್ನು ಮೇಲಿನ ಕೋಣೆಯ ಮೆಟ್ಟಿಲ ಬಳಿ ಕರೆದುಕೊಂಡು ಹೋದ.

"ಸಾಕು ಮಾಡಿ," ಅವಳು ಹೇಳಿದಳು. "ನಿಮ್ಮಣ್ಣನಿಗೆ ಆಫೀಸಲ್ಲಿ ಮರ್ಯಾದೆ ಇಲ್ಲ, ಇದೊಂದೇ ಇದ್ದಿದ್ದು. ಮನೇಲಿ ಮಗು ನಕ್ಕರೂ ರೇಗ್ತಾರೆ. ಮೊನ್ನೆ ಕೈ ಎತ್ತಿದ್ರು."

"ಯಾರ ಮೇಲೆ?"

"ಮಗು ಮೇಲೆ. ನಾನು ನಡುವೆ ಹೋದೆ, ಹೊಡೀಲಿಲ್ಲ."

"ಅತ್ತಿಗೆ, ನಿಮಗೊಂದು ವಿಷಯ ಗೊತ್ತಿರ್ಲಿ. ನಾನು ಮೆಟ್ಟಿಲಿಂದ ಬಿದ್ದಿದ್ದಲ್ಲ."

ಅವಳು ಪ್ಯಾಂಟಿನ ಅಂಚನ್ನು ಮಡಿಸಿದಳು, ಬಿಚ್ಚಿದಳು. "ಗೊತ್ತು. ಮದುವೆಯಾದ ಹೊಸದರಲ್ಲೇ ಅವರೇ ಹೇಳಿದ್ರು. ಅತ್ತೆ ಯಾರ ಹತ್ರನೂ ಬಾಯಿ ಬಿಡಬೇಡ ಅಂದ್ರು."

ಅಣ್ಣ ಮರೆತಿದ್ದಾನೆ, ತನಗೆ ತಾನೇ ಹೇಳಿಕೊಂಡ ಸುಳ್ಳನ್ನು ನಂಬಿದ್ದಾನೆ ಎಂದು ಇಷ್ಟು ದಿನ ಅವನು ಅಂದುಕೊಂಡಿದ್ದ. ಅದರಲ್ಲಿ ಒಂದು ಸಮಾಧಾನವಿತ್ತು. ಹಾಗಾದರೆ ಮಂಗನ ಥರ ಕುಣೀತಿದ್ದ ಎಂದು ಹೇಳುವಾಗಲೂ ಅವನಿಗೆ ಎಲ್ಲ ನೆನಪಿತ್ತು. ಉಣ್ಣುವಾಗ ಪಕ್ಕದಲ್ಲಿ ಕೂತಿರುತ್ತಿದ್ದ ಈ ಹೆಂಗಸಿಗೂ ಗೊತ್ತಿತ್ತು.

"ಪ್ಯಾಂಟು ನಾಳೆ ತಗೊಂಡು ಹೋಗಿ" ಎಂದ.

"ಮಗು ವಿಷಯ ಹೇಳ್ದೆನಲ್ಲ."

"ನೀವು ನಡುವೆನೇ ಇರಿ, ಅತ್ತಿಗೆ."

ಅವಳು ಪ್ಯಾಂಟುಗಳನ್ನು ಕೊಡದೆಯೇ ಹೋದಳು.

ಮುಂದಿನ ಭಾನುವಾರ ಕ್ಯಾಪ್ಟನ್ ಒಬ್ಬನೇ ರೂಮಿಗೆ ಬಂದ. ಅವಿತುಕೊಳ್ಳಲಿಲ್ಲ. ಮೈದಾನದ ನಡುವೆ ಬಂದು ಬಂದೂಕು ಕೆಳಗೆ ಹಾಕಿ ನಿಂತ. ಬಾಡಿಗೆ ಕನ್ಸೋಲಿನ ಅಂಗಡಿಯಲ್ಲಿ ಕೂತಿದ್ದ ಚಿಕ್ಕವನು ಆಟದೊಳಗಿನ ಒಂದು ಕಿಟಕಿಯ ಹಿಂದಿನಿಂದ ನೋಡಿದ. ಮೈಕಿನಲ್ಲಿ ಉಸಿರಾಟವಷ್ಟೇ ಕೇಳಿಸುತ್ತಿತ್ತು. ಚಿಕ್ಕವನು ಹೊಡೆದ. ಕ್ಯಾಪ್ಟನ್ ಮತ್ತೆ ಹುಟ್ಟಿ ಬಂದು ಅದೇ ಜಾಗದಲ್ಲಿ ನಿಂತ. ಚಿಕ್ಕವನು ಮತ್ತೆ ಹೊಡೆದ. ರೂಮಿನಲ್ಲಿದ್ದ ಅಪರಿಚಿತರು ಮೊದಲು ನಕ್ಕರು. ಆಮೇಲೆ ಒಬ್ಬ, "ಬಿಡಿ ಗುರೂ, ಪಾಪ ಅನ್ಸುತ್ತೆ" ಎಂದ. ಆಟ ಮುಗಿಯುವವರೆಗೂ ಅದು ಹಾಗೆಯೇ ನಡೆಯಿತು. ಮುಗಿದಾಗ ಚಿಕ್ಕವನ ಕೈ ಬೆವತು ರಿಮೋಟು ಜಾರುತ್ತಿತ್ತು. ಖುಷಿಯಾಗುತ್ತದೆ ಎಂದು ಕಾದ. ಹಸಿವಾಯಿತು, ಅಷ್ಟೇ.

ಕ್ಯಾಪ್ಟನ್ ಎಂಬ ಹೆಸರು ಆಮೇಲೆ ಯಾವ ರೂಮಿನಲ್ಲೂ ಕಾಣಲಿಲ್ಲ. ಕನ್ಸೋಲ್ ಮಾರಿದರಂತೆ ಎಂದು ಕ್ಯಾಷಿಯರನಿಂದ ತಿಳಿಯಿತು. ಚಿಕ್ಕವನು ಕೆಲವು ತಿಂಗಳು ಊಟದ ಹೊತ್ತಿನಲ್ಲಿ ಫೋನ್ ತೆಗೆದು ಹೆಸರುಗಳನ್ನು ಹುಡುಕುತ್ತಿದ್ದ. ಆಮೇಲೆ ಬಿಟ್ಟ. ಬೇರೆ ತಂಡದವರು ಕರೆದರು, ಹೋದ. ಚೆನ್ನಾಗಿಯೇ ಆಡುತ್ತಿದ್ದ. ಅಲ್ಲಿ ಅವನ ಕಿವಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅತ್ತಿಗೆ ಫೋನ್ ಮಾಡಿದಳು. ಅಮ್ಮನಿಗೆ ಕಣ್ಣಿನ ಪೊರೆ, ಆಪರೇಷನ್, ನಿನ್ನೆ ಆಸ್ಪತ್ರೆಗೆ ಸೇರಿಸಿ ಬಂದದ್ದು ತಾನೇ, ಈಗ ಮಗುವಿಗೆ ಜ್ವರ, ತಾನು ಬರಲಾರೆ, ಆಫೀಸಿನಿಂದ ಬರುವ ನಿಮ್ಮಣ್ಣ ಒಬ್ಬರೇ ಆಗುತ್ತಾರೆ. ಚಿಕ್ಕವನು ರಜೆ ಹಾಕಿ ಹೋದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ದೊಡ್ಡವನು ಕೂತಿದ್ದ; ಅವನು ಬರುವಷ್ಟರಲ್ಲೇ ಅಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಾಗಿತ್ತು. ತಲೆ ಕೂದಲು ಉದುರಿತ್ತು. ಚಿಕ್ಕವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಈಗ್ಲೂ ಆಡ್ತೀಯಾ?" ದೊಡ್ಡವನು ಕೇಳಿದ.

"ಆಡ್ತೀನಿ."

"ಆವತ್ತು ನಾನು ಬಂದೂಕು ಕೆಳಗಿಟ್ಟು ನಿಂತಿದ್ದೆ. ಕಾಣಿಸ್ತಲ್ವಾ?"

"ಕಾಣಿಸ್ತು."

"ಆದ್ರೂ ಹೊಡೆದೆ."

"ಹೊಡೆದೆ."

ದೊಡ್ಡವನು ತಲೆಯಾಡಿಸಿದ, ಒಂದು ವಿಳಾಸ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡವನ ಹಾಗೆ. "ಟೀ ತರ್ಲಾ?" ಎಂದ. ಬೇಡ ಎಂದ ಚಿಕ್ಕವನು.

ನರ್ಸ್ ಅಮ್ಮನನ್ನು ಕೈಹಿಡಿದು ಹೊರಗೆ ಕರೆತಂದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿನಲ್ಲಿ ಇನ್ನೂ ತೆಗೆಯದ ಪೊರೆ. ಅವಳಿಗೆ ಮಸುಕು ಆಕಾರಗಳಷ್ಟೇ ಕಾಣುತ್ತಿದ್ದವು. ಚಿಕ್ಕವನು ಮುಂದೆ ಹೋಗಿ ತೋಳು ಕೊಟ್ಟ. ಅವಳು ಅವನ ಕೈಯನ್ನು ಮಣಿಕಟ್ಟಿನಿಂದ ಬೆರಳಿನವರೆಗೆ ಸವರಿ, ಇಸ್ತ್ರಿಯ ಸುಟ್ಟ ಗುರುತುಗಳು ಸಿಕ್ಕಿದಾಗ ನಿಂತಳು.

"ನೀನಾ," ಎಂದಳು. "ದೊಡ್ಡವನೆಲ್ಲಿ?"

ದೊಡ್ಡವನು ಒಂದು ಹೆಜ್ಜೆ ದೂರದಲ್ಲಿ ಅವಳ ಚೀಲ, ಕಣ್ಣಿನ ಹನಿ ಔಷಧಿ ಹಿಡಿದು ನಿಂತಿದ್ದ.

"ಅವನು ಬಂದಿಲ್ಲಮ್ಮ" ಎಂದ ಚಿಕ್ಕವನು.

ದೊಡ್ಡವನ ಬಾಯಿ ತೆರೆಯಿತು. ಚಿಕ್ಕವನು ಅವನನ್ನೇ ನೋಡಿದ. ನರ್ಸ್ ಇಬ್ಬರ ಮುಖವನ್ನೂ ನೋಡಿದಳು. ದೊಡ್ಡವನು ಬಾಯಿ ಮುಚ್ಚಿಕೊಂಡು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ.

"ಆಫೀಸಲ್ಲಿ ಬಿಟ್ಟಿರಲ್ಲ ಪಾಪ," ಅಮ್ಮ ಹೇಳಿದಳು. "ಅವನಿಗೆ ಜೀವ ಹಿಂಡ್ತಾರೆ ಅಲ್ಲಿ."

ಬಾಡಿಗೆ ಕಾರಿನಲ್ಲಿ ಅಮ್ಮ, ಚಿಕ್ಕವನು ಹಿಂದೆ ಕೂತರು. ದೊಡ್ಡವನು ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಮುಂದೆ, ಡ್ರೈವರ್ ಪಕ್ಕ ಕೂತ.

"ಮುಂದೆ ಯಾರೋ ಕೂತ ಹಾಗಾಯ್ತಲ್ಲ," ಅಮ್ಮ ಕೇಳಿದಳು.

"ಡ್ರೈವರ್ ಕಡೆಯವರು."

ಅವಳು ಸೀಟಿಗೆ ಒರಗಿದಳು. ದಾರಿಯುದ್ದಕ್ಕೂ ದೊಡ್ಡವನ ಬಗ್ಗೆಯೇ ಮಾತಾಡಿದಳು: ಅವನಿಗೆ ನಿದ್ದೆ ಬರುವುದಿಲ್ಲ, ಮಾತು ಕಡಿಮೆಯಾಗಿದೆ, ಔಷಧಿಗೆಂದು ಕೇಳಿದರೆ ಇಲ್ಲವೆನ್ನುವುದಿಲ್ಲ. "ಪಟ್ಟಿ ಬಿಚ್ಚೋ ದಿನ ಅವನೇ ನನ್ನ ಕರ್ಕೊಂಡು ಬರ್ಲಿ ಅಂತ ಹೇಳು," ಎಂದಳು. "ನೀನು ಬರೋದು ಬೇಡ, ನಿನ್ನ ಕೆಲಸ ಕೆಡುತ್ತೆ."

"ಹೇಳ್ತೀನಮ್ಮ" ಎಂದ ಚಿಕ್ಕವನು.

ಮುಂದಿನ ಸೀಟಿನಲ್ಲಿ ದೊಡ್ಡವನು ಕಿಟಕಿಯ ಗಾಜು ಇಳಿಸಿ, ಮುಖ ಹೊರಗೆ ಹಾಕಿಕೊಂಡ. ಡ್ರೈವರ್ ಅವನನ್ನು ಒಮ್ಮೆ ನೋಡಿ ಗಾಡಿ ಓಡಿಸಿದ.